ವೈಟ್‌ಫೀಲ್ಡಿನ ಇನ್ನರ್ ಸರ್ಕಲ್

ವೈಟ್‌ಫೀಲ್ಡ್ ಎಂದ ಕೂಡಲೇ ಐಟಿಪಿಎಲ್ ಟೆಕ್ ಪಾರ್ಕ್, ಮಾಲ್‌ಗಳು, ವಾಹನ ದಟ್ಟಣೆ ಕಣ್ಣಮುಂದೆ ಬರುತ್ತವೆ. ಊರು ಹುಟ್ಟಿದ ಜಾಗ ಮಾತ್ರ ಇವೆಲ್ಲದರಿಂದ ಸ್ವಲ್ಪ ದೂರದಲ್ಲಿದೆ. ಅದು ಇನ್ನರ್ ಸರ್ಕಲ್ ಎಂಬ ದುಂಡನೆಯ ರಸ್ತೆ. ಬೆಂಗಳೂರಿನ ಪೂರ್ವಕ್ಕೆ, ಮೆಜೆಸ್ಟಿಕ್‌ನಿಂದ ಸುಮಾರು 20 ಕಿಲೋಮೀಟರ್ ದೂರದ ಈ ಸುತ್ತಿನಲ್ಲಿ ನಡೆದು ನೋಡದೆ ವೈಟ್‌ಫೀಲ್ಡ್ ಗೊತ್ತು ಎನ್ನಲಾಗದು.

1881ರಲ್ಲಿ ಬ್ರಿಟಿಷರು ಮೈಸೂರನ್ನು ಒಡೆಯರಿಗೆ ಹಿಂದಿರುಗಿಸಿದರು. ಮರುವರ್ಷವೇ, ಇನ್ನೂ ಇಪ್ಪತ್ತು ತುಂಬದ ಹತ್ತನೇ ಚಾಮರಾಜೇಂದ್ರ ಒಡೆಯರು ಆಂಗ್ಲೋ-ಇಂಡಿಯನ್ನರ ಕೃಷಿ ವಸಾಹತುಗಳಿಗೆ ಸುಮಾರು 3,900 ಎಕರೆ ಭೂಮಿ ಕೊಟ್ಟರು. ಕೇಳಿದ್ದು ಡೇವಿಡ್ ಎಮ್ಯಾನುಯೆಲ್ ಸ್ಟಾರ್ಕೆನ್‌ಬರ್ಗ್ ವೈಟ್ ಮುಂದೆ ನಿಂತು ಕಟ್ಟಿದ ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘ. ಇಂಗ್ಲಿಷರ ಪಂಕ್ತಿಯಲ್ಲೂ ಸಲ್ಲದೆ, ಭಾರತೀಯರ ನಡುವೆಯೂ ಸೇರದೆ, ಸಣ್ಣಪುಟ್ಟ ನೌಕರಿಗಳನ್ನೇ ನೆಚ್ಚಿಕೊಂಡಿದ್ದ ತಮ್ಮ ಜನ ಸ್ವಂತ ನೆಲದಲ್ಲಿ ಬೆಳೆದು ಉಣ್ಣಲಿ ಎಂಬುದು ವೈಟ್ ಅವರ ಆಸೆ. ಊರಿಗೆ ಅವರದೇ ಹೆಸರು ಬಂತು. ಪಕ್ಕದಲ್ಲಿ ಸಾಸ್‌ಮಂಡ್ ಎಂಬ ಇನ್ನೊಂದು ವಸಾಹತೂ ಇತ್ತು. ಆ ಹೆಸರು ಇಂದು ಹೆಚ್ಚಿನವರಿಗೆ ತಿಳಿಯದು. ಇದೇ ಸಮುದಾಯಕ್ಕಾಗಿ ಜಾರ್ಖಂಡಿನಲ್ಲಿ ಮೆಕ್‌ಕ್ಲಸ್ಕಿಗಂಜ್ ಹುಟ್ಟಿದ್ದು 1933ರಲ್ಲಿ. ಮೈಸೂರು ಸಂಸ್ಥಾನದ ಕೊಡುಗೆ ಅದಕ್ಕಿಂತ ಅರ್ಧ ಶತಮಾನ ಮೊದಲಿನದು. ಈ ಹಿರಿಮೆಯನ್ನು ನಾವು ಹೇಳಿಕೊಳ್ಳುವುದೇ ಇಲ್ಲ.

ಬೆಂಗಳೂರು–ಜೋಲಾರಪೇಟೆ ರೈಲು ಹಾದಿ 1864ರಲ್ಲೇ ಬಂದಿತ್ತು, ಪಕ್ಕದ ಕಾಡುಗೋಡಿಯ ಬಳಿ ಹಾದುಹೋಗುತ್ತಿತ್ತು. ಕಂಟೋನ್ಮೆಂಟಿನೊಡನೆ ಕೊಂಡಿ ಸುಲಭವಾಯಿತು. ನಡುವೆ ಬಯಲು, ಅದರ ಸುತ್ತ ರಸ್ತೆ, ರಸ್ತೆಗೆ ಮುಖ ಮಾಡಿದ ದೊಡ್ಡ ಕಾಂಪೌಂಡುಗಳು: ಹೀಗೆ ಊರಿನ ನಕ್ಷೆ. ಮಂಗಳೂರು ಹೆಂಚಿನ ಇಳಿಜಾರು ಮಾಡು, ಅಗಲ ಜಗಲಿ, ಮುಂಭಾಗಕ್ಕೆ ಮರದ ಪಟ್ಟಿಗಳ ಮಂಕಿ ಟಾಪ್, ಹಿತ್ತಲಲ್ಲಿ ಹಣ್ಣಿನ ಮರಗಳು. ಯಾರ ಮನೆಯೂ ಊರಿನ ಬೆನ್ನಿಗಿಲ್ಲ, ಎಲ್ಲರ ಬಾಗಿಲೂ ಒಂದೇ ಬಯಲಿಗೆ ತೆರೆಯುತ್ತಿತ್ತು. ಈ ಊರಿನ ಚೆಲುವಿನ ಗುಟ್ಟು ಅಲ್ಲಿದೆ ಎನ್ನಿಸುತ್ತದೆ ನನಗೆ. 1886ರ ಮೆಮೋರಿಯಲ್ ಚರ್ಚು ಇಲ್ಲಿಯದೇ. ವೇವರ್ಲಿ ಇನ್ ಎಂಬ ತಂಗುಮನೆಯೂ ಇತ್ತು. ಬೆಂಗಳೂರಿನ ದಂಡಿನಲ್ಲಿದ್ದ ತರುಣ ಚರ್ಚಿಲ್ ಅಲ್ಲಿಗೆ ಬಂದು ಮಾಲೀಕರ ಮಗಳಿಗೆ ಮನಸೋತನಂತೆ ಎಂದು ಜನ ಕಥೆ ಹೇಳುತ್ತಾರೆ.

ವೈಟ್ ಬಯಸಿದಷ್ಟು ಬೇಸಾಯ ಕುದುರಲಿಲ್ಲ. ನದಿಯಿಲ್ಲದ ಸೀಮೆ, ಕೆರೆ ಬಾವಿಗಳ ನೀರು, ರಾಗಿ ಹುರುಳಿಯ ಹೊಲ. ನೇಗಿಲು ಹಿಡಿದು ಬೆಳೆದವರಲ್ಲ ಬಂದವರು. ಊರು ಚಿಕ್ಕದಾಗಿಯೇ ಉಳಿಯಿತು, ನಿವೃತ್ತರ ನೆಮ್ಮದಿಯ ತಾಣವೆನಿಸಿತು. ಸ್ವಾತಂತ್ರ್ಯದ ನಂತರ ಆಂಗ್ಲೋ-ಇಂಡಿಯನ್ ಕುಟುಂಬಗಳು ಇಂಗ್ಲೆಂಡ್, ಆಸ್ಟ್ರೇಲಿಯಗಳ ಹಡಗು ಹತ್ತಿದವು.

1990ರ ದಶಕದಲ್ಲಿ ಟೆಕ್ ಪಾರ್ಕ್ ಬಂತು. ಎಕರೆಗಟ್ಟಲೆ ಕಾಂಪೌಂಡುಗಳ ಬೆಲೆ ಏರಿದಂತೆ ಬಂಗಲೆಗಳು ಒಂದೊಂದಾಗಿ ಉರುಳಿದವು. ಉಳಿದಿರುವವು ಬೆರಳೆಣಿಕೆ. ಅವುಗಳ ಜೊತೆಗೆ ಆ ದುಂಡು ರಸ್ತೆಯನ್ನೂ ನಡುವಿನ ಬಯಲನ್ನೂ ಒಂದೇ ಘಟಕವೆಂದು ಪರಿಗಣಿಸಿ ಪಾರಂಪರಿಕ ಪ್ರದೇಶವಾಗಿ ಕಾಪಾಡಬೇಕು. ಒಂಟಿ ಕಟ್ಟಡಕ್ಕೆ ಫಲಕ ಹಾಕಿದರೆ ಸಾಲದು, ಇಲ್ಲಿ ಬೆಲೆಬಾಳುವುದು ನಕ್ಷೆಯೇ. 2023ರ ಮಾರ್ಚಿನಿಂದ ಕಾಡುಗೋಡಿಗೆ ಮೆಟ್ರೋ ಓಡುತ್ತಿದೆ. ಅಲ್ಲಿಳಿದು ಆಟೋದಲ್ಲಿ ಇನ್ನರ್ ಸರ್ಕಲ್‌ಗೆ ಹೋಗಿ, ಬೆಳಗ್ಗೆ ಎಂಟರೊಳಗೆ, ಒಂದು ಸುತ್ತು ಬನ್ನಿ.