ಆದಿಕವಿ ಪಂಪನ ಮಾತಾಪಿತೃಗಳು

ಪೂರ್ವಿಕರ ಕುಲವೃತ್ತಾಂತವನ್ನು ಶೋಧಿಸಹೊರಟವರಿಗೆ ಬಹುಶಃ ಎದುರಾಗುವ ತೊಡಕೊಂದುಂಟು. ತಂದೆಯ ಹೆಸರು ದೊರೆತರೆ ತಾಯಿಯ ಹೆಸರು ದೊರೆಯುವುದಿಲ್ಲ; ದೊರೆತ ಹೆಸರೂ ಒಂದು ಪತ್ರದಲ್ಲಿದ್ದಂತೆ ಇನ್ನೊಂದರಲ್ಲಿರುವುದಿಲ್ಲ. ಕನ್ನಡ ಕವಿಕುಲಕ್ಕೆ ಮೂಲಪುರುಷನೆನಿಸಿದ ಪಂಪನ ವಿಷಯದಲ್ಲಿಯೂ ಈ ತೊಡಕು ಒಂದು ಸಾವಿರ ವರ್ಷಗಳ ಕಾಲ ಹಾಗೆಯೇ ಉಳಿದಿತ್ತು. ಅದು ಬಿಡಿಸಲ್ಪಟ್ಟ ಕ್ರಮವು ವಂಶಶೋಧನೆಯಲ್ಲಿ ಆಸಕ್ತಿಯುಳ್ಳ ಸಕಲರೂ ಮನನ ಮಾಡತಕ್ಕದ್ದಾಗಿದೆ.

ಪಂಪನು ತನ್ನ ವಿಷಯವಾಗಿ ಮೌನ ತಾಳಿದ ಕವಿಯಲ್ಲ. ತಾನು ದುಂದುಭಿ ಸಂವತ್ಸರದಲ್ಲಿ ಜನಿಸಿದವನೆಂದು ಹೇಳಿಕೊಂಡಿದ್ದಾನೆ, ಅದು ಕ್ರಿ. ಶ. 902 ಆಗುತ್ತದೆ. ಆದಿಪುರಾಣವನ್ನು 941ರಲ್ಲಿ ಪೂರೈಸಿ, ಬಳಿಕ ವೇಮುಲವಾಡದ ಚಾಲುಕ್ಯ ಅರಿಕೇಸರಿಯ ಆಶ್ರಯದಲ್ಲಿ ವಿಕ್ರಮಾರ್ಜುನವಿಜಯವನ್ನು ರಚಿಸಿದನು. ಅದರಲ್ಲಿ ತನ್ನ ಪಿತೃಪರಂಪರೆಯನ್ನು ಕ್ರಮವಾಗಿ ನಿರೂಪಿಸಿದ್ದಾನೆ. ವೆಂಗಿಮಂಡಲದ ವೆಂಗಿಪಳು ಎಂಬ ಅಗ್ರಹಾರದ ಶ್ರೀವತ್ಸಗೋತ್ರದ ಮಾಧವ ಸೋಮಯಾಜಿ, ಅನಂತರ ಅಭಿಮಾನಚಂದ್ರ, ಕೊಮರಯ್ಯ, ಅಭಿರಾಮದೇವರಾಯ. ಈ ಅಭಿರಾಮದೇವರಾಯನೇ ಕವಿಯ ತಂದೆ. ಯಜ್ಞಯಾಗಾದಿಗಳ ಮನೆತನದಲ್ಲಿ ಹುಟ್ಟಿ ಜೈನಧರ್ಮವನ್ನು ಸ್ವೀಕರಿಸಿದವನು ಆತನು. ಇಷ್ಟನ್ನೆಲ್ಲ ಹೇಳಿದ ಕವಿಯು ಹೆತ್ತ ತಾಯಿಯ ಹೆಸರನ್ನು ಮಾತ್ರ ಎರಡು ಕಾವ್ಯಗಳಲ್ಲಿಯೂ ಹೇಳಲಿಲ್ಲ.

ಈ ಅಭಾವದಿಂದ ಇನ್ನೊಂದು ಸಂಶಯವೂ ಹುಟ್ಟಿತು. ತಂದೆಯ ಕಡೆಯವರು ವೆಂಗಿಯವರು. ಕವಿಯು ಬಾಳಿದ ಆಸ್ಥಾನವೂ ತೆಲುಗು ಸೀಮೆಯಲ್ಲಿಯೇ ಇತ್ತು. ಹೀಗಿದ್ದು ಅವನು ತನ್ನ ಕಾವ್ಯಭಾಷೆಯನ್ನು ಪುಲಿಗೆರೆಯ ತಿರುಳ್ಗನ್ನಡವೆಂದು ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ಪುಲಿಗೆರೆಯೆಂದರೆ ಇಂದಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರ. ಅಷ್ಟು ದೂರದ ನಾಡಿನ ನುಡಿಯು ಇವನಿಗೆ ಮನೆಯ ಮಾತಾದುದು ಹೇಗೆ? ಪಂಪಭಾರತವು 1898ರಲ್ಲಿ ಬಿ. ಎಲ್. ರೈಸ್ ಅವರಿಂದ ಅಚ್ಚಾಗಿ ಪ್ರಕಟವಾದ ಮೇಲೂ ಕಾವ್ಯದೊಳಗಿಂದ ಇದಕ್ಕೆ ಉತ್ತರವು ದೊರೆಯುವಂತಿರಲಿಲ್ಲ.

ಉತ್ತರವು ದೊರೆತುದು ಬಂಡೆಗಲ್ಲಿನ ಮೇಲೆ. ಈಗಿನ ತೆಲಂಗಾಣದ ಕರೀಂನಗರ ಜಿಲ್ಲೆಯ ಕುರ್ಕ್ಯಾಲದ ಬಳಿ ಬೊಮ್ಮಲಗುಟ್ಟ ಎಂಬ ಬೆಟ್ಟವಿದೆ. ಅದರ ಬಂಡೆಯಲ್ಲಿ ಜಿನಬಿಂಬಗಳನ್ನೂ ಚಕ್ರೇಶ್ವರಿಯನ್ನೂ ಕಡೆಯಿಸಿ, ಕೆಳಗೆ ಸಂಸ್ಕೃತ, ಕನ್ನಡ, ತೆಲುಗು ಈ ಮೂರು ಭಾಷೆಗಳಲ್ಲಿ ಶಾಸನವನ್ನು ಬರೆಯಿಸಲಾಗಿದೆ. ಬರೆಯಿಸಿದವನು ಜಿನವಲ್ಲಭನು, ತಾನು ಪಂಪನ ತಮ್ಮನೆಂದು ಅವನು ಸ್ಪಷ್ಟವಾಗಿ ಹೇಳಿದ್ದಾನೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಶಾಸನವು ವಿದ್ವಾಂಸರ ಗಮನಕ್ಕೆ ಬಂದಿತು. ಅದರಲ್ಲಿ ತಂದೆಯು ಭೀಮಪ್ಪಯ್ಯ. ತಾಯಿಯು ಬೆಳ್ವೊಲದ ಅಣ್ಣಿಗೆರೆಯ ಜೋಯಿಸ ಸಿಂಘನ ವಂಶದ ಅಬ್ಬಣಬ್ಬೆ.

ಇಲ್ಲಿ ಶೋಧಕನು ಒಡನೆಯೇ ಹಿಗ್ಗಲಾಗದು. ಕಾವ್ಯದಲ್ಲಿ ತಂದೆಯು ಅಭಿರಾಮದೇವರಾಯ, ಶಾಸನದಲ್ಲಿ ಭೀಮಪ್ಪಯ್ಯ. ಇಬ್ಬರೂ ಒಬ್ಬನೇ ಎಂಬುದಕ್ಕೆ ಪ್ರಮಾಣವೇನು? ಕಾವ್ಯದಂತೆಯೇ ಶಾಸನದಲ್ಲಿಯೂ ಗೋತ್ರವು ಶ್ರೀವತ್ಸವೇ. ಪೂರ್ವಿಕರ ಸಾಲಿನಲ್ಲಿ ಅಭಿಮಾನಚಂದ್ರನು ಎರಡು ಕಡೆಗಳಲ್ಲಿಯೂ ಇದ್ದಾನೆ. ಅರಿಕೇಸರಿಯು ಪಂಪನಿಗೆ ಧರ್ಮವುರವೆಂಬ ಅಗ್ರಹಾರವನ್ನು ಕೊಟ್ಟ ಸಂಗತಿಯನ್ನು ಕಾವ್ಯವೂ ಹೇಳುತ್ತದೆ, ಕಲ್ಲೂ ಹೇಳುತ್ತದೆ. ಹೀಗೆ ಗೋತ್ರ, ಪೂರ್ವಿಕ, ದಾನ ಈ ಮೂರೂ ಕೂಡಿಬಂದ ಮೇಲೆ ಹೆಸರಿನ ಭೇದವು ಬಾಧಕವಾಗಲಾರದು. ಮನೆಯಲ್ಲಿ ಕರೆಯುವ ಹೆಸರು ಒಂದು, ಗೌರವದ ಹೆಸರು ಇನ್ನೊಂದು ಇರುವುದು ನಮ್ಮ ಮನೆತನಗಳಲ್ಲಿ ಅಪೂರ್ವವೇನೂ ಅಲ್ಲ.

ಇದಕ್ಕೆ ಪ್ರತಿಯಾದ ಎಚ್ಚರಿಕೆಯೂ ಇದೇ ಶತಮಾನದಲ್ಲಿ ದೊರೆಯುತ್ತದೆ. 993ರಲ್ಲಿ ಅಜಿತಪುರಾಣವನ್ನು ಮುಗಿಸಿದ ರನ್ನನು ತಂದೆತಾಯಿಗಳಿಬ್ಬರನ್ನೂ ಹೆಸರಿಸಿದ್ದಾನೆ. ತಂದೆಯು ಜಿನವಲ್ಲಭ, ತಾಯಿಯು ಅಬ್ಬಲಬ್ಬೆ. ಪಂಪನ ತಮ್ಮನೂ ಜಿನವಲ್ಲಭ, ಪಂಪನ ತಾಯಿಯೂ ಅಬ್ಬಣಬ್ಬೆ! ಇವರೂ ಜೈನರು, ಅವರೂ ಜೈನರು. ಕಾಲದ ಅಂತರವೂ ಹೆಚ್ಚಿನದಲ್ಲ. ಹೆಸರನ್ನೇ ನಂಬಿ ನಡೆಯುವವನು ಎರಡು ವಂಶಗಳನ್ನು ಒಂದಾಗಿ ಹೆಣೆದುಬಿಡುವುದಕ್ಕೆ ಇದಕ್ಕಿಂತ ಸುಲಭವಾದ ಅವಕಾಶ ಬೇಕೆ? ಆದರೆ ರನ್ನನದು ಮುಧೋಳದ ಬಳೆಗಾರರ ಮನೆತನ. ಪಂಪನದು ವೆಂಗಿಯಿಂದ ಬಂದ ಶ್ರೀವತ್ಸಗೋತ್ರದ ಮನೆತನ. ಊರು ಬೇರೆ, ಕುಲ ಬೇರೆ, ವೃತ್ತಿ ಬೇರೆ. ಪಂಪನ ತಂದೆಯ ಹೆಸರುಗಳು ಎರಡಾದರೂ ವ್ಯಕ್ತಿಯು ಒಬ್ಬನೇ ಆದನು. ಇಲ್ಲಿ ಜಿನವಲ್ಲಭನೆಂಬ ಹೆಸರು ಒಂದೇ ಆದರೂ ವ್ಯಕ್ತಿಗಳು ಇಬ್ಬರು. ಸಂಬಂಧವನ್ನು ನಿರ್ಣಯಿಸತಕ್ಕವು ಊರು, ಕುಲ, ವೃತ್ತಿ, ದಾನಗಳೇ ಹೊರತು ಬರಿಯ ಹೆಸರಲ್ಲ.

ಅಬ್ಬಣಬ್ಬೆಯ ಹೆಸರು ದೊರೆತುದರಿಂದ ಆದ ಲಾಭವು ಸಾಮಾನ್ಯವಾದುದಲ್ಲ. ಅಣ್ಣಿಗೆರೆಯು ಇಂದಿನ ಧಾರವಾಡ ಜಿಲ್ಲೆಯ ಊರು. ಬೆಳ್ವೊಲ ಮುನ್ನೂರರಲ್ಲಿ ಪ್ರಸಿದ್ಧವಾದ ಸ್ಥಳ. ಪುಲಿಗೆರೆಯ ನಾಡಿಗೆ ನೆರೆಯದು. ಕವಿಯ ತಿರುಳ್ಗನ್ನಡವು ತಾಯಿಯ ತವರಿನಿಂದ ಬಂದುದೆಂದು ಊಹಿಸುವುದಕ್ಕೆ ಈಗ ನೆಲೆಯುಂಟಾಯಿತು. ಕನ್ನಡಿಗನೋ ತೆಲುಗನೋ ಎಂಬ ವಾದಕ್ಕೂ ಮೂರು ಭಾಷೆಗಳ ಆ ಬಂಡೆಯೇ ಸಮಾಧಾನ ಹೇಳುತ್ತದೆ. ತಂದೆಯ ಬೇರು ವೆಂಗಿಯಲ್ಲಿ, ತಾಯಿಯ ಬೇರು ಬೆಳ್ವೊಲದಲ್ಲಿ. ಎರಡು ನಾಡುಗಳೂ ಅವನನ್ನು ತಮ್ಮವನೆನ್ನಬಹುದು.

ಸ್ವಂತ ಗ್ರಂಥದಲ್ಲಿ ಇಲ್ಲದ ಸಂಗತಿಯು ತಮ್ಮನ ಶಾಸನದಲ್ಲಿ ಉಳಿದುದು ಗಮನಾರ್ಹ. ಅಣ್ಣನು ಹೇಳಹೊರಟುದು ಪಿತೃಪರಂಪರೆಯನ್ನೂ ತಂದೆಯ ಧರ್ಮಾಂತರವನ್ನೂ. ತಮ್ಮನು ಬರೆಯಿಸಿದುದು ಬಸದಿ, ಕೆರೆ, ತೋಟಗಳ ಪುಣ್ಯಕಾರ್ಯವನ್ನು. ಆ ಕಾರ್ಯದ ಕರ್ತೃವು ಯಾರ ಮಗನೆಂದು ಹೇಳುವಾಗ ತಾಯಿಯ ಹೆಸರೂ ಅವಳ ತವರೂ ಕಲ್ಲನ್ನೇರಿದುವು. ಆದುದರಿಂದ ಪೂರ್ವಿಕನ ಮಾತಾಪಿತೃಗಳು ಅವನ ಹೆಸರಿನ ಪತ್ರಗಳಲ್ಲಿ ದೊರೆಯದಿದ್ದರೆ ಒಡಹುಟ್ಟಿದವರ ಪತ್ರಗಳನ್ನು ಅರಸಬೇಕು; ತಾಯಿಯ ತವರೂರಿನವರನ್ನು ಕೇಳಬೇಕು; ದಾನಪತ್ರಗಳನ್ನು ತೆಗೆದು ನೋಡಬೇಕು.

ಅಂತಹ ಸಾಮಗ್ರಿಯು ನಮ್ಮ ನಾಡಿನಲ್ಲಿ ಇನ್ನೂ ಬತ್ತಿಲ್ಲ. ಮಠಗಳ ಕಡತಗಳು, ವತನದಾರರ ಮೋಡಿಲಿಪಿಯ ಕಾಗದಗಳು, ಎತ್ತನ್ನೇರಿ ಬಂದು ವಂಶಾವಳಿಯನ್ನು ಓದುವ ಹೆಳವರ ಹೊತ್ತಗೆಗಳು ಅಲ್ಲಲ್ಲಿ ಉಳಿದಿವೆ. ಗೆದ್ದಲಿಗೂ ಅಲಕ್ಷ್ಯಕ್ಕೂ ಆಹುತಿಯಾಗುವ ಮುನ್ನ ಇವನ್ನು ಪ್ರತಿಮಾಡಿಸುವುದು ಅವುಗಳ ಒಡೆಯರ ಕರ್ತವ್ಯ. ಹಾಗೆ ಪ್ರತಿಮಾಡುವಾಗ ಪುರುಷರ ಸಾಲಿನ ಪಕ್ಕದಲ್ಲಿ ಮನೆಗೆ ಬಂದ ಸೊಸೆಯ ಹೆಸರನ್ನೂ ಅವಳ ತವರೂರನ್ನೂ ಮರೆಯದೆ ಬರೆದಿಡಬೇಕು. ಕವಿಶ್ರೇಷ್ಠನ ತಾಯಿಯ ಹೆಸರೇ ಒಂದು ಬಂಡೆಯ ಆಸರೆಯಿಂದ ಉಳಿದುಬಂದಿರುವಾಗ, ಬಂಡೆಯ ಮೇಲೆ ಬರೆಯಿಸುವವರಿಲ್ಲದ ತಾಯಂದಿರಿಗೆ ಮನೆಯ ಹೊತ್ತಗೆಯೇ ಆಸರೆಯಲ್ಲವೆ?