ಕೂಸಿನ ಗಡಿಯಾರಕ್ಕೆ ಕೀಲಿ ಕೊಡುವವರು

ಸುರಪುರದ ಬೆಟ್ಟದ ಮೇಲಿನ ಟೇಲರ್ ಮಂಜಿಲ್ ಕಂಡವರಿಗೆ ಫಿಲಿಪ್ ಮೆಡೋಸ್ ಟೇಲರ್‌ನ ಹೆಸರು ಹೊಸದಲ್ಲ. 1841ರಲ್ಲಿ ಬಂದ ಈ ಇಂಗ್ಲಿಷ್ ಅಧಿಕಾರಿ 1853ರವರೆಗೂ ಅಲ್ಲಿದ್ದು, ತಂದೆಯನ್ನು ಕಳೆದುಕೊಂಡ ಬಾಲರಾಜ ವೆಂಕಟಪ್ಪ ನಾಯಕನ ಪರವಾಗಿ ಸಂಸ್ಥಾನದ ಆಡಳಿತ ನೋಡಿಕೊಂಡ. ಹುಡುಗ ಅವನನ್ನು 'ಅಪ್ಪ' ಎಂದೇ ಕರೆಯುತ್ತಿದ್ದ. ಟೇಲರ್ ತೀರಿಕೊಂಡ ಮೇಲೆ 1877ರಲ್ಲಿ ಅಚ್ಚಾದ ಆತ್ಮಕಥೆಯಲ್ಲಿ ರಾಣಿ ಈಶ್ವರಮ್ಮನೊಂದಿಗಿನ ಜಗ್ಗಾಟ, ರಾಜನ ಜಾತಕದ ಭಯ ಎಲ್ಲವೂ ಇವೆ. ಆದರೆ ಆ ಹುಡುಗ ಕೂಸಾಗಿದ್ದಾಗ ಯಾರ ಕಾಲ ಮೇಲೆ ಮಲಗಿ ಎಣ್ಣೆ-ನೀರು ಹಾಕಿಸಿಕೊಂಡ, ಯಾರ ಜೋಗುಳಕ್ಕೆ ಕಣ್ಣು ಮುಚ್ಚಿದ? ಟೇಲರ್ ಬರುವಷ್ಟರಲ್ಲಿ ಆ ವಯಸ್ಸು ದಾಟಿತ್ತು. ಅರಮನೆಯ ಕೂಸಿನ ಕಥೆಯೇ ಹೀಗಾದರೆ ಹಟ್ಟಿಯ ಕೂಸನ್ನು ಕೇಳುವವರಾರು?

ಮಾತು ಬಾರದ ಮಗುವೂ ಅಧ್ಯಯನದ ವಸ್ತುವಾದುದು ಮುಖ್ಯವಾಗಿ ಇಪ್ಪತ್ತನೆಯ ಶತಮಾನದಲ್ಲಿ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ 1911ರಲ್ಲಿ ಚಿಕಿತ್ಸಾಲಯ ತೆರೆದ ಅರ್ನಾಲ್ಡ್ ಗೆಸೆಲ್ ಮುಂದೆ ನೂರಾರು ಶಿಶುಗಳನ್ನು ಚಲನಚಿತ್ರದಲ್ಲಿ ಸೆರೆಹಿಡಿದು, ಯಾವ ತಿಂಗಳಿಗೆ ಕತ್ತು ನಿಲ್ಲಬೇಕು, ಯಾವ ತಿಂಗಳಿಗೆ ಕೂರಬೇಕು ಎಂಬ ಪಟ್ಟಿ ತಯಾರಿಸಿದ. ಬೆಳವಣಿಗೆ ದೇಹದೊಳಗಿನ ಗಡಿಯಾರದಂತೆ ತನ್ನಷ್ಟಕ್ಕೆ ಸಾಗುತ್ತದೆ ಎಂಬುದು ಅವನ ನಿಲುವು. ಪಟ್ಟಿ ಪ್ರಪಂಚವೆಲ್ಲ ಹರಡಿತು. ಅದರಲ್ಲಿದ್ದವರು ನ್ಯೂ ಹೇವನ್ ಎಂಬ ಒಂದೇ ಊರಿನ ಮಕ್ಕಳು ಎಂಬುದನ್ನು ಬಹಳ ಜನ ಮರೆತರು.

ಗಡಿಯಾರಕ್ಕೆ ಕೀಲಿ ಕೊಡುವ ಕೈಗಳು ಹೊರಗೂ ಇವೆ ಎಂದು ಗೊತ್ತಾದುದು ಸಂಶೋಧಕರು ಪ್ರಯೋಗಾಲಯ ಬಿಟ್ಟು ಹಳ್ಳಿಗಳಿಗೆ ಹೋದಾಗ. ಕೀನ್ಯಾದ ಕಿಪ್ಸಿಗಿಸ್ ಜನರ ನಡುವೆ ಕೆಲಸ ಮಾಡಿದ ಚಾರ್ಲ್ಸ್ ಸೂಪರ್ 1976ರಲ್ಲಿ ಪ್ರಕಟಿಸಿದ ವರದಿ ಸೊಗಸಾಗಿದೆ. ಅಲ್ಲಿನ ಕೂಸುಗಳು ಅಮೆರಿಕದ ಕೂಸುಗಳಿಗಿಂತ ಸುಮಾರು ಒಂದು ತಿಂಗಳು ಮೊದಲೇ ಕೂರುತ್ತಿದ್ದವು, ನಡೆಯುತ್ತಿದ್ದವು. ಆದರೆ ಅಂಬೆಗಾಲಿಡುವುದರಲ್ಲಿ ಅಂಥ ಮುನ್ನಡೆ ಇರಲಿಲ್ಲ! ಕಾರಣ ಸರಳ: ಕೂರುವುದನ್ನೂ ನಡೆಯುವುದನ್ನೂ ಅಲ್ಲಿನ ತಾಯಂದಿರು ಬೇಕೆಂದೇ ಕಲಿಸುತ್ತಿದ್ದರು, ಅಂಬೆಗಾಲನ್ನು ಯಾರೂ ಕಲಿಸುತ್ತಿರಲಿಲ್ಲ. ಇದಕ್ಕೆ ತದ್ವಿರುದ್ಧ, ಪರಾಗ್ವೆಯ ಕಾಡಿನ ಅಚೆ ಜನರ ಮಕ್ಕಳು ನಡೆಯಲು ಎರಡು ವರ್ಷ ಸಮೀಪಿಸುತ್ತಿತ್ತು. ಅಪಾಯ ತುಂಬಿದ ಕಾಡಿನಲ್ಲಿ ಕೂಸನ್ನು ನೆಲಕ್ಕೆ ಬಿಡುವ ಧೈರ್ಯ ಯಾವ ತಾಯಿಗಿದ್ದೀತು?

ನಮ್ಮ ಕಡೆಗೆ ಬರೋಣ. ಯಾದಗಿರಿ, ಶಹಾಪುರ, ಸುರಪುರದ ಮನೆಗಳಲ್ಲಿ ಮೊದಲ ಬಾಣಂತನ ಸಾಮಾನ್ಯವಾಗಿ ತವರಿನಲ್ಲಿ. ಕೂಸಿಗೆ ಕುಲಾಯಿ, ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹೊಲಿದ ಕೌದಿ, ಲೋಬಾನದ ಹೊಗೆ. ಅಜ್ಜಿ ಕಾಲು ಚಾಚಿ ಕುಳಿತು ಮೊಣಕಾಲ ಮೇಲೆ ಕೂಸನ್ನು ಬೋರಲು ಮಲಗಿಸಿ ಎಣ್ಣೆ ತಿಕ್ಕುತ್ತಾಳೆ; ಕೈಕಾಲು ಮಡಚಿ, ಬಿಡಿಸಿ, ಎಳೆಯುತ್ತಾಳೆ. ಕೂಸು ಕಿರುಚುತ್ತದೆ, ಆಮೇಲೆ ಗಾಢ ನಿದ್ದೆ. ಕೂಸಿಗೆ ಇದು ದಿನದ ವ್ಯಾಯಾಮ. ಜತೆಗೆ ಅಜ್ಜಿಯ ಬಾಯಿ ಸುಮ್ಮನಿರುವುದಿಲ್ಲ. ಬೈಗುಳ, ಮುದ್ದು, ಹಾಡು ಎಲ್ಲ ಬೆರೆತ ಆ ಮಾತೇ ಕೂಸಿನ ಮೊದಲ ಪಾಠ.

ಈ ಕೈಗಳನ್ನು ಲೆಕ್ಕಕ್ಕೆ ಹಿಡಿಯಲು ವಿದ್ವಾಂಸರು ತಡ ಮಾಡಿದರು. ಉಗಾಂಡದಲ್ಲಿ 1954-55ರಲ್ಲಿ 26 ಕುಟುಂಬಗಳನ್ನು ನೋಡಿದ ಮೇರಿ ಐನ್ಸ್‌ವರ್ತ್ ಗಮನ ಕೊಟ್ಟದ್ದು ಮುಖ್ಯವಾಗಿ ತಾಯಿ-ಮಗುವಿನ ಬೆಸುಗೆಗೆ. 1965ರಿಂದ ಭುವನೇಶ್ವರದ ಮನೆಗಳಲ್ಲಿ ಕುಳಿತು ನೋಡಿದ ಸೂಸನ್ ಸೆಮೋರ್ ಮಾತ್ರ ಅಜ್ಜಿ, ಅತ್ತೆ, ಅಕ್ಕ ಹೀಗೆ ಹಲವರ ಕೈಯಲ್ಲಿ ಬೆಳೆಯುವ ಮಗುವನ್ನು ವಿವರವಾಗಿ ದಾಖಲಿಸಿದರು. ಬಡೋದೆಯಲ್ಲಿ ಪ್ರಮೀಳಾ ಫಾಟಕ್ ನಮ್ಮ ಮಕ್ಕಳನ್ನೇ ಪರೀಕ್ಷಿಸಿ ಭಾರತೀಯ ಅಳತೆಗೋಲು ರೂಪಿಸಿದರು. ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಐದು ದೇಶಗಳ ಮಕ್ಕಳನ್ನು ನೋಡಿ 2006ರಲ್ಲಿ ಹೇಳಿದ್ದು, ಆರೋಗ್ಯವಂತ ಮಗು ಆಸರೆ ಇಲ್ಲದೆ ನಡೆಯುವುದು ಸುಮಾರು 8ರಿಂದ 17 ತಿಂಗಳ ನಡುವೆ ಯಾವಾಗಲಾದರೂ ಆಗಬಹುದು ಎಂದು. ಪಕ್ಕದ ಮನೆಯ ಕೂಸು ನಡೆಯಿತು, ನಮ್ಮದು ನಡೆಯಲಿಲ್ಲ ಎಂದು ಕೊರಗುವವರು ಇದನ್ನು ನೆನಪಿಡಬಹುದು.

ಹಾಗೆಂದು ಸಂಪ್ರದಾಯವೆಲ್ಲ ಬಂಗಾರವಲ್ಲ. ಬಾಣಂತಿಯ ಹಳದಿ ಬಣ್ಣದ ಮೊದಲ ಹಾಲನ್ನು ಹಿಂಡಿ ಚೆಲ್ಲುವ ರೂಢಿ ಕೂಸಿಗೆ ಪ್ರಕೃತಿ ಕೊಟ್ಟ ರಕ್ಷಣೆಯನ್ನೇ ಕಸಿಯುತ್ತದೆ. ಆಡುವ ವಯಸ್ಸಿನಲ್ಲೇ ಮದುವೆಯಾದ ಹುಡುಗಿಯ ಮೈ ಇನ್ನೂ ತನ್ನ ಬೆಳವಣಿಗೆಯನ್ನೇ ಮುಗಿಸಿರುವುದಿಲ್ಲ. ಆ ಮದುವೆಯನ್ನೂ ಮಾಡುವವರು ಎಣ್ಣೆ-ನೀರು ಹಾಕುವ ಅದೇ ಹಿರಿಯರು.

ಇಲ್ಲಿನ ಅಭಾವದ ಅಳತೆ ನಮ್ಮ ಮುಂದಿದೆ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಯಾದಗಿರಿ ಜಿಲ್ಲೆಯ ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಎತ್ತರ ಕುಂಠಿತವಾದರೆ ಬುದ್ಧಿಯ ಗತಿ ಏನು? ಇದಕ್ಕೆ ಉತ್ತರ ಬಂದದ್ದು ದೂರದ ಜಮೈಕಾದಿಂದ. ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ತಂಡ ಕಿಂಗ್‌ಸ್ಟನ್ ನಗರದ ಬಡ ಕೇರಿಗಳ 129 ಕುಳ್ಳ ಮಕ್ಕಳನ್ನು ನಾಲ್ಕು ಗುಂಪು ಮಾಡಿತು. ಒಂದಕ್ಕೆ ಪೌಷ್ಟಿಕ ಆಹಾರ, ಇನ್ನೊಂದಕ್ಕೆ ವಾರಕ್ಕೊಂದು ತಾಸು ಮನೆಗೇ ಬಂದು, ಮನೆಯಲ್ಲೇ ಮಾಡಿದ ಆಟಿಕೆಗಳಿಂದ ಆಡಿಸುವುದನ್ನು ತಾಯಿಗೆ ತೋರಿಸಿಕೊಡುವ ಕಾರ್ಯಕರ್ತೆ, ಮೂರನೆಯದಕ್ಕೆ ಎರಡೂ, ನಾಲ್ಕನೆಯದಕ್ಕೆ ಎರಡೂ ಇಲ್ಲ. ಎರಡು ವರ್ಷಗಳ ಫಲಿತಾಂಶ 1991ರಲ್ಲಿ ಹೊರಬಂತು. ಊಟದಿಂದಲೂ ಲಾಭ, ಆಟದಿಂದಲೂ ಲಾಭ. ಎರಡೂ ಸಿಕ್ಕ ಮಕ್ಕಳು ಸಾಮಾನ್ಯ ಎತ್ತರದ ಮಕ್ಕಳ ಬುದ್ಧಿಮಟ್ಟದ ಸಮೀಪಕ್ಕೆ ಬಂದಿದ್ದರು. ಇಪ್ಪತ್ತು ವರ್ಷದ ನಂತರ ನೋಡಿದರೆ, ಆಟ-ಮಾತು ಸಿಕ್ಕವರ ಗಳಿಕೆ ಸಿಗದವರಿಗಿಂತ ಶೇ. 25ರಷ್ಟು ಹೆಚ್ಚು!

ಕರ್ನಾಟಕದಲ್ಲಿ ಅಂಗನವಾಡಿ ಕಾರ್ಯಕ್ರಮ ಶುರುವಾದದ್ದು 1975ರಲ್ಲಿ, ಮೈಸೂರು ಜಿಲ್ಲೆಯ ಟಿ. ನರಸೀಪುರದಲ್ಲಿ. ಅಂಗನವಾಡಿ ಎಂದ ಕೂಡಲೇ ನಮಗೆ ನೆನಪಾಗುವುದು ತೂಕದ ತಕ್ಕಡಿ, ಆಹಾರದ ಪೊಟ್ಟಣ. ಅಜ್ಜಿಯ ಮಾತನ್ನು ಯಾವ ತಕ್ಕಡಿಯೂ ತೂಗದು.

ದಾಖಲೆಯ ವಿಷಯದಲ್ಲೂ ಮೈಸೂರು ಪುಣ್ಯ ಮಾಡಿತ್ತು. ಅಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ 1934ರಿಂದಲೇ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿತ್ತು. ಆ ಪುಸ್ತಕಗಳ ಬಲದಿಂದ ದಶಕಗಳ ನಂತರ ಅದೇ ಜನರನ್ನು ಹುಡುಕಿ, ಹುಟ್ಟುವಾಗಿನ ಗಾತ್ರಕ್ಕೂ ನಡುವಯಸ್ಸಿನ ಸಕ್ಕರೆ ಕಾಯಿಲೆ, ಹೃದ್ರೋಗಕ್ಕೂ ಇರುವ ನಂಟನ್ನು ಪರಿಶೀಲಿಸಲಾಯಿತು. ಅದೇ ಕಾಲದಲ್ಲಿ ನಿಜಾಮನ ಆಳ್ವಿಕೆಯಲ್ಲಿದ್ದ ಯಾದಗಿರಿ ಸೀಮೆಯ ಹಳ್ಳಿಗಳಲ್ಲಿ ಕೂಸು ಸೂಲಗಿತ್ತಿಯ ಕೈಗೆ ಬೀಳುತ್ತಿತ್ತು. 'ಬರಗಾಲದ ವರ್ಷ ಹುಟ್ಟಿದವನು' ಎಂಬುದೇ ದಾಖಲೆ.

ಈಗ ಹುಟ್ಟು ನೋಂದಣಿಯಾಗುತ್ತದೆ, ಆದರೆ ಕೂಸೇ ಊರಲ್ಲಿ ನಿಲ್ಲುವುದಿಲ್ಲ. ಸುಗ್ಗಿ ಮುಗಿದೊಡನೆ ಗುಳೆ ಹೊರಡುವ ಕುಟುಂಬಗಳು ಹಾಲು ಕುಡಿಯುವ ಕೂಸನ್ನು ಕಟ್ಟಿಕೊಂಡು ಬೆಂಗಳೂರು, ಪುಣೆ, ಮುಂಬೈಯ ಕಟ್ಟಡಗಳಿಗೆ ಹೋಗುತ್ತವೆ. ದೊಡ್ಡ ಮಕ್ಕಳೊಂದಿಗೆ ಅಜ್ಜಿ ಊರಲ್ಲಿ. ತಗಡಿನ ಶೆಡ್ಡಿನಲ್ಲಿ ಸೀರೆಯ ಜೋಲಿ ತೂಗುವವಳು, ಜೊತೆಗೆ ಬಂದಿದ್ದರೆ, ಆರೇಳು ವರ್ಷದ ಅಕ್ಕ. ಮುಂಗಾರಿಗೆ ಮರಳುವಷ್ಟರಲ್ಲಿ ಕೂಸು ಅಂಬೆಗಾಲಿಟ್ಟು ಎದ್ದು ನಿಂತಿರುತ್ತದೆ. ಊರಿನ ಅಂಗನವಾಡಿಯ ಪುಸ್ತಕದಲ್ಲಿ ಆ ತಿಂಗಳುಗಳ ಎದುರು ಖಾಲಿ ಮನೆಗಳು. ಈ ಮೂರು ತಾಲ್ಲೂಕುಗಳ ಕೂಸುಗಳ ಬೆಳವಣಿಗೆ ಅರಿಯಬೇಕೆನ್ನುವವರು ಅಳತೆಪಟ್ಟಿ ಹಿಡಿದು ಶಹಾಪುರದ ಬಸ್ ನಿಲ್ದಾಣದಿಂದ ಅವರ ಜೊತೆಯಲ್ಲೇ ಬಸ್ ಹತ್ತಬೇಕಾದೀತು.