ಕಿವಿಗೆ ಬಯಲು ತೋರಿಸಿದ ಹೆಡ್‌ಫೋನ್

1881ರ ಪ್ಯಾರಿಸ್. ಅಂತರರಾಷ್ಟ್ರೀಯ ವಿದ್ಯುತ್ ಪ್ರದರ್ಶನ ನೋಡಲು ಬಂದ ಜನ ಒಂದು ಕೋಣೆಯ ಮುಂದೆ ಸಾಲುಗಟ್ಟಿ ನಿಲ್ಲುತ್ತಿದ್ದರು. ಒಳಗೆ ಹೋದವರ ಕೈಗೆ ಟೆಲಿಫೋನಿನ ಎರಡು ರಿಸೀವರ್‌ಗಳು ಸಿಗುತ್ತಿದ್ದವು. ಎಡಗಿವಿಗೊಂದು, ಬಲಗಿವಿಗೊಂದು. ಸುಮಾರು ಎರಡು ಕಿಲೋಮೀಟರ್ ದೂರದ ಒಪೆರಾ ರಂಗಮಂದಿರದಲ್ಲಿ ಕ್ಲೆಮಾಂ ಆಡೆರ್ ಎಂಬ ಎಂಜಿನಿಯರ್ ವೇದಿಕೆಯ ಎರಡೂ ಬದಿಗೆ ಮೈಕ್ರೋಫೋನ್‌ಗಳನ್ನು ಇರಿಸಿದ್ದ. ಅಲ್ಲಿ ಗಾಯಕ ನಡೆದಾಡಿದರೆ ಇಲ್ಲಿ ಅವನ ದನಿಯೂ ಅತ್ತಿಂದಿತ್ತ ಸರಿಯುತ್ತಿತ್ತು. ಕಣ್ಣು ಮುಚ್ಚಿದರೆ ಸಾಕು, ಎದುರಿಗೆ ರಂಗಸ್ಥಳ!

ಅಂದು ಹುಟ್ಟಿದ ಆಸೆ ಇಂದಿಗೂ ಬತ್ತಿಲ್ಲ. ಹೆಡ್‌ಫೋನ್ ಕೊಳ್ಳಲು ಹೋದವರಲ್ಲಿ ಕೆಲವರಾದರೂ ಕೇಳುವುದು ಅದನ್ನೇ: ಹಾಡು ತಲೆಯೊಳಗೆ ಗುಂಯ್ಗುಡಬಾರದು, ಸುತ್ತ ಗಾಳಿಯಾಡುವಂತಿರಬೇಕು, ಜೇಬಿಗೂ ಭಾರವಾಗಬಾರದು. ಈ ಮೂರೂ ಒಟ್ಟಿಗೆ ಸಿಗುತ್ತವೆಯೇ? ಉತ್ತರ ಹೆಡ್‌ಫೋನಿನ ಇತಿಹಾಸದಲ್ಲೇ ಇದೆ.

ಅಡುಗೆಮನೆಯಿಂದ ಅಂಗಡಿಗೆ

ಅಮೆರಿಕದ ಯೂಟಾ ಪ್ರಾಂತ್ಯದ ನಥಾನಿಯಲ್ ಬಾಲ್ಡ್‌ವಿನ್ 1910ರಲ್ಲಿ ತನ್ನ ಮನೆಯ ಅಡುಗೆಕೋಣೆಯಲ್ಲೇ ಹೆಡ್‌ಫೋನ್ ತಯಾರಿಸಿ ನೌಕಾಪಡೆಗೆ ಕಳಿಸಿದ. ರೇಡಿಯೊ ಸಂದೇಶ ಕೇಳುವವರಿಗಾಗಿ ಪಡೆ ಅವನ್ನು ಕೊಂಡಿತು. ಅಲ್ಲಿ ಬೇಕಿದ್ದುದು ಮಾತು ಸ್ಪಷ್ಟವಾಗಿ ಕೇಳುವುದು. ನಾದದ ಸೊಗಸು ಯಾರಿಗೂ ಬೇಕಿರಲಿಲ್ಲ. 1937ರಲ್ಲಿ ಜರ್ಮನಿಯ ಬೇಯರ್ ಕಂಪನಿ ತಂದ ಡಿಟಿ 48 ಮಾದರಿ, ಪುಟ್ಟ ಸ್ಪೀಕರನ್ನೇ ಕಿವಿಗೆ ತಂದಿಟ್ಟಿತು.

ಸಂಗೀತಕ್ಕಾಗಿಯೇ ಹೆಡ್‌ಫೋನ್ ಎಂಬ ಮಾತು ಶುರುವಾದದ್ದು 1958ರಲ್ಲಿ, ಮಿಲ್ವಾಕಿ ನಗರದಲ್ಲಿ. ಆಸ್ಪತ್ರೆಗಳಿಗೆ ಟಿ.ವಿ. ಬಾಡಿಗೆ ಕೊಡುತ್ತಿದ್ದ ಜಾನ್ ಕಾಸ್, ಎಂಜಿನಿಯರ್ ಮಾರ್ಟಿನ್ ಲ್ಯಾಂಜ್ ಜತೆಗೂಡಿ ಒಂದು ರೆಕಾರ್ಡ್ ಪ್ಲೇಯರ್ ಮಾಡಿ ಪ್ರದರ್ಶನಕ್ಕಿಟ್ಟ. ಜೊತೆಗೊಂದು ಸ್ಟೀರಿಯೊ ಹೆಡ್‌ಫೋನ್. ಜನ ಮುಗಿಬಿದ್ದದ್ದು ಪ್ಲೇಯರಿಗಲ್ಲ, ಹೆಡ್‌ಫೋನಿಗೆ!

ಆದರೆ ಆ ಕಾಲದ ಹೆಡ್‌ಫೋನ್‌ಗಳು ಸಾಮಾನ್ಯವಾಗಿ ಮುಚ್ಚಿದ ಬಟ್ಟಲುಗಳು. ಒಳಗಿನ ತೆಳು ಪೊರೆ ಕಂಪಿಸಿದಾಗ ನಾದ ಕಿವಿಯ ಕಡೆಗಷ್ಟೇ ಅಲ್ಲ, ಹಿಂದಕ್ಕೂ ಹೊರಡುತ್ತದೆ. ಹಿಂದೆ ಗೋಡೆಯಿದ್ದರೆ ಅದು ಬಡಿದು ಮರಳುತ್ತದೆ, ಮುಂದಿನ ನಾದದೊಂದಿಗೆ ಕಲೆಸಿಕೊಳ್ಳುತ್ತದೆ. ಬಾಗಿಲು ಕಿಟಕಿ ಹಾಕಿದ ಸಣ್ಣ ಕೋಣೆಯಲ್ಲಿ ಹಾಡಿದಂತೆ.

ಗೋಡೆ ಒಡೆದ ವರ್ಷ

1968ರಲ್ಲಿ ಜರ್ಮನಿಯ ಸೆನ್‌ಹೈಸರ್ ಕಂಪನಿ ಆ ಗೋಡೆಯನ್ನೇ ತೆಗೆದುಹಾಕಿತು. ಎಚ್‌ಡಿ 414 ಎಂಬ ಆ ಮಾದರಿಯ ಬೆನ್ನು ತೆರೆದಿತ್ತು. ಕಿವಿಗೆ ತಾಗುತ್ತಿದ್ದುದು ಗಾಳಿಯಾಡುವ ಸ್ಪಂಜು. ಹಿಂದಿನ ನಾದ ಹೊರಗೆ ಹರಿದುಹೋಯಿತು, ಕಿವಿಯ ಮೇಲಿನ ಒತ್ತಡ ತಗ್ಗಿತು. ಹಾಡು ತೆರೆದ ಜಗಲಿಗೆ ಬಂದಂತಾಯಿತು. ಹಳದಿ ಸ್ಪಂಜಿನಿಂದ ಗುರುತಾದ ಈ ಹೆಡ್‌ಫೋನ್ ಒಂದು ಕೋಟಿಗೂ ಹೆಚ್ಚು ಮಾರಾಟವಾಯಿತು.

ಮುಂದಿನ ಹೆಜ್ಜೆ ಜಪಾನಿನದು. 1979ರ ಜುಲೈ 1ರಂದು ಸೋನಿ ಕಂಪನಿ ವಾಕ್‌ಮನ್ ಬಿಡುಗಡೆ ಮಾಡಿತು. ಆಗ ಸಾಮಾನ್ಯ ಹೆಡ್‌ಫೋನ್ 300ರಿಂದ 400 ಗ್ರಾಂ ತೂಗುತ್ತಿತ್ತು. ವಾಕ್‌ಮನ್ ಜೊತೆಗೆ ಬಂದದ್ದು ಸುಮಾರು 50 ಗ್ರಾಂ. ಅದಕ್ಕೂ ಸ್ಪಂಜೇ ಹೊದಿಕೆ. 1984ರಲ್ಲಿ ಕಾಸ್ ಕಂಪನಿಯ ಪೋರ್ಟಾ ಪ್ರೊ ಬಂತು. 1990ರ ದಶಕದಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಿಂದ ಗ್ರ್ಯಾಡೊ ಎಸ್‌ಆರ್ 60 ಬಂತು. ಎರಡೂ ತೆರೆದ ಬೆನ್ನಿನವು, ಎರಡೂ ಅಗ್ಗದವು. ಇದೇ ಅವಧಿಯಲ್ಲಿ, 1991ರಲ್ಲಿ, ಸೆನ್‌ಹೈಸರ್ ತಂದ ಆರ್ಫಿಯಸ್ ಬೆಲೆ ಹತ್ತು ಸಾವಿರ ಡಾಲರಿಗೂ ಮೇಲೆ. ಅದರ ಬೆನ್ನೂ ತೆರೆದದ್ದೇ. ಗಾಳಿಯಾಡುವ ಗುಣ ಮುಖ್ಯವಾಗಿ ರಚನೆಯಿಂದ ಬರುತ್ತದೆ, ಬೆಲೆಯಿಂದಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಎರಡು ಕಿವಿಗಳ ಲೆಕ್ಕ

ಹಾಗಿದ್ದೂ ಹೆಡ್‌ಫೋನಿನ ಹಾಡು ಎದುರಿಗೆ ನಿಲ್ಲದೆ ತಲೆಯೊಳಗೇ ಕೂರುವುದೇಕೆ? ಎಡಗಡೆಯ ಸದ್ದು ಬಲಗಿವಿಗೆ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ತಡವಾಗಿ, ತುಸು ಮೆತ್ತಗಾಗಿ ತಲುಪುತ್ತದೆ. ಮಿದುಳು ದಿಕ್ಕು ಗುರುತಿಸಲು ಬಳಸುವ ಲೆಕ್ಕಗಳಲ್ಲಿ ಇದೊಂದು. ಸ್ಪೀಕರ್ ಮುಂದೆ ಕುಳಿತಾಗ ಎರಡೂ ಸ್ಪೀಕರಿನ ಸದ್ದು ಎರಡೂ ಕಿವಿಗೆ ಬರುತ್ತದೆ. ಹೆಡ್‌ಫೋನಿನಲ್ಲಿ ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ ಅಷ್ಟೆ. ಲೆಕ್ಕ ತಪ್ಪುತ್ತದೆ. ಒಂದು ಬದಿಯ ಸದ್ದನ್ನು ಸ್ವಲ್ಪ ತಡಮಾಡಿ ಇನ್ನೊಂದು ಬದಿಗೆ ಬೆರೆಸುವ ಉಪಾಯವನ್ನು ಬೆಂಜಮಿನ್ ಬಾಯರ್ 1961ರಲ್ಲೇ ಪ್ರಕಟಿಸಿದ್ದ. ಇಂದು ಆ ಕೆಲಸವನ್ನು ಫೋನಿನ ತಂತ್ರಾಂಶವೇ ಮಾಡಬಲ್ಲದು.

ಕೊಳ್ಳುವ ಮುನ್ನ

ಮೊದಲು ಹೆಡ್‌ಫೋನಿನ ಬೆನ್ನು ನೋಡಬೇಕು. ಜಾಲರಿ ಇದ್ದ ಮಾತ್ರಕ್ಕೆ ತೆರೆದಿದೆ ಎನ್ನಲಾಗದು, ಕೆಲವಕ್ಕೆ ಅದು ಬರೀ ಅಲಂಕಾರ. ಹಾಡು ಹಾಕಿ, ಬೆನ್ನನ್ನು ಅಂಗೈಯಿಂದ ಮುಚ್ಚಿದರೆ ನಾದ ಬದಲಾಗಬೇಕು. ಎರಡನೆಯದು ಓಮ್ ಸಂಖ್ಯೆ. 1997ರ ಪ್ರಸಿದ್ಧ ಎಚ್‌ಡಿ 600ರದು 300 ಓಮ್. ಅಂಥದಕ್ಕೆ ಸಾಮಾನ್ಯವಾಗಿ ಪ್ರತ್ಯೇಕ ಆಂಪ್ಲಿಫೈಯರ್ ಬೇಕು. ಎಸ್‌ಆರ್ 60 ಕೇವಲ 32 ಓಮ್, ಫೋನಿಗೇ ಹಾಡುತ್ತದೆ. ಬಜೆಟ್ ತಪ್ಪುವುದು ಹಲವು ಸಲ ಹೆಡ್‌ಫೋನಿನಿಂದಲ್ಲ, ಅದರ ಹಿಂದೆ ಬರುವ ಖರ್ಚಿನಿಂದ. ಮೂರನೆಯದು, ಚೆನ್ನಾಗಿ ಪರಿಚಯವಿರುವ ಹಾಡನ್ನೇ ಹಾಕಿ ಕೇಳಬೇಕು. ತಾಳದ ಕಿಣಿಕಿಣಿ ಜಾಸ್ತಿ ಮಾಡಿ ವಿಶಾಲವೆಂಬ ಭ್ರಮೆ ಹುಟ್ಟಿಸುವ ಅಗ್ಗದ ಸರಕು ಬೇಕಾದಷ್ಟಿದೆ. ಅರ್ಧ ಗಂಟೆ ಕೇಳಿದರೆ ಕಿವಿಯೇ ಗುಟ್ಟು ಹೇಳುತ್ತದೆ.

ತೆರೆದ ಬೆನ್ನಿಗೆ ತೆರಬೇಕಾದ ಬೆಲೆಯೂ ಉಂಟು. ಮಂದ್ರದ ಗುಡುಗು ಕಡಿಮೆ. ನಿಮ್ಮ ಹಾಡು ಪಕ್ಕದವರಿಗೂ ಕೇಳುತ್ತದೆ, ಬಸ್ಸಿನ ಗದ್ದಲ ನಿಮಗೂ ಕೇಳುತ್ತದೆ. ಗದ್ದಲ ಮೀರಿಸಲು ಸದ್ದು ಏರಿಸುವುದೇ ಅಪಾಯ. 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ದಾಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಮಿತಿ ಹಾಕಿದೆ. ಸದ್ದು 3 ಡೆಸಿಬೆಲ್ ಏರಿದಂತೆಲ್ಲ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ. ಕೆಟ್ಟ ಹೆಡ್‌ಫೋನ್ ಬದಲಿಸಬಹುದು, ಕೆಟ್ಟ ಕಿವಿಯನ್ನಲ್ಲ.

ಹಾಗಾಗಿ ಬಸ್ಸಿಗೆ ಮುಚ್ಚಿದ್ದು, ಮನೆಗೆ ತೆರೆದದ್ದು. ರಾತ್ರಿ ಊರು ಮಲಗಿದ ಮೇಲೆ, ದನಿ ತಗ್ಗಿಸಿ, ಕಣ್ಣು ಮುಚ್ಚಿ ಕೂತರೆ, ಪ್ಯಾರಿಸ್ಸಿನಲ್ಲಿ ಸಾಲುಗಟ್ಟಿ ನಿಂತವರು ಬಯಸಿದ ಸುಖ ಸಣ್ಣ ಬೆಲೆಯ ಹೆಡ್‌ಫೋನಿನಲ್ಲೂ ಸಿಕ್ಕೀತು.